ಆಟೋದೊಳಗಿನ ಡಾಕ್ಟರು, ಚಿಗವ್ವನ ಹಂಚು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಎತ್ತಿ ಆಡುವುದು ಬೇಡ. ಸಿಂಧನೂರಿನಿಂದ ಹೊರಟು ಮಸ್ಕಿ ದಾಟಿ ಲಿಂಗಸುಗೂರಿನ ತನಕ ಓಣಿ ಓಣಿ ಸುತ್ತಿದ ಆ ಆಟೋದ ಮೈಕಿನಲ್ಲಿ ಮಾತಾಡಿದ ಡಾಕ್ಟರು ಡಾಕ್ಟರಲ್ಲ, ನಾನು. ಜೀವಶಾಸ್ತ್ರದ ಪರೀಕ್ಷೆಯಲ್ಲಿ ಹೃದಯದ ಚಿತ್ರ ಬಿಡಿಸಲು ಹೋಗಿ ಮಾವಿನಕಾಯಿ ಬಿಡಿಸಿ ಬಂದವನು. ಅಂಥವನು ಮೂರು ಊರಿನ ಮೂಗು, ಗಂಟಲು, ಎದೆಗೂಡುಗಳಿಗೆ ಸಲಹೆ ಕೊಟ್ಟೆ. ಜನ ನಕ್ಕು ಬಿಟ್ಟಿದ್ದರೆ ಚಿಂತೆ ಇರಲಿಲ್ಲ. ನಂಬಿಬಿಟ್ಟರು.

ಹಗಲು ನಾನು ಸಿಂಧನೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಒಡೆದ ಗಾಜು ಬದಲಾಯಿಸುತ್ತೇನೆ, ಸಂಜೆ ಬಸ್ಸಿಗೆ ಮಸ್ಕಿಯ ಮನೆಗೆ ಬರುತ್ತೇನೆ. ಎಲ್ಲಾದರೂ ಮದುವೆ, ತೊಟ್ಟಿಲು, ಕಾಲೇಜಿನ ಗ್ಯಾದರಿಂಗ್ ಇದ್ದರೆ ಮಿಮಿಕ್ರಿ ಮಾಡುತ್ತೇನೆ. ಕಂಡಕ್ಟರನ ದನಿ, ಹೆಡ್‌ಮಾಸ್ತರರ ಕೆಮ್ಮು, ಹತ್ತಿ ಬೆಲೆ ಕೇಳಿದ ಮೇಲೆ ಅಪ್ಪ ಬಿಡುವ ಉಸಿರು, ಎಲ್ಲ ಬರುತ್ತವೆ. ನನ್ನ ದನಿಯನ್ನೂ ಬಿಡುವುದಿಲ್ಲ. ಹುಡುಗಿಯರ ಎದುರು ನಾನು ಮಾತಾಡುವ ದನಿ ಬೇರೆ, ಅಪ್ಪನ ಎದುರಿನದು ಬೇರೆ. ಎರಡನ್ನೂ ಒಂದರ ಹಿಂದೆ ಒಂದು ಮಾಡಿ ತೋರಿಸಿದರೆ ಚಪ್ಪಾಳೆ ಹೆಚ್ಚು ಬೀಳುವುದು ಅಪ್ಪನ ಎದುರಿನ ದನಿಗೆ. ಆ ದನಿ ಬಹಳ ಮನೆಗಳಲ್ಲಿ ಇರುತ್ತದೆ.

ನನ್ನ ಸಂಗ್ರಹದ ಮುಕುಟಮಣಿ ಲಿಂಗಸುಗೂರಿನ ಒಬ್ಬ ಡಾಕ್ಟರು. ನಮ್ಮ ಕಡೆಯ ಅರ್ಧ ಜನರ ಕೆಮ್ಮು, ದಮ್ಮು, ತುರಿಕೆಗಳು ಅವರ ಮೇಜಿನ ಮುಂದೆಯೇ ಕುಳಿತು ಎದ್ದಿವೆ. ಅವರ ಮೂಗು ಯಾವಾಗಲೂ ಕಟ್ಟಿರುತ್ತದೆ. ಮಾತು ಹತ್ತಿ ಗಿಡಿದು ತುಂಬಿದ ಚೀಲದೊಳಗಿಂದ ಬಂದಂತೆ ಬರುತ್ತದೆ. ಏನೇ ಹೇಳಲಿ, ಕೊನೆಗೆ "ಏನಾಗಂಗಿಲ್ಲ ಬಿಡ್ರಿ" ಅನ್ನುತ್ತಾರೆ. ಎರಡು ಬೆರಳಿನಲ್ಲಿ ಮೂಗು ಹಿಡಿದು ಆ ಮಾತು ಅಂದರೆ ಸಾಕು, ಪಾಮನಕಲ್ಲೂರಿನಿಂದ ಮುದಗಲ್‌ವರೆಗೆ ಯಾರನ್ನು ಕೇಳಿದರೂ ಇದು ಇಂಥವರ ದನಿ ಎಂದು ಹೇಳುತ್ತಾರೆ.

ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಮುಚ್ಚಿ ಗಿಡಮೂಲಿಕೆಯ ಅಂಗಡಿ ತೆರೆದ ಸಾವ್ಕಾರರೊಬ್ಬರಿದ್ದರು. ಕೆಟ್ಟ ಮನುಷ್ಯರಲ್ಲ. ಭತ್ತ ಕೊಯ್ಯುವ ಕಾಲಕ್ಕೆ ಅವರಿಗೂ ಸೀನು ಹತ್ತುತ್ತಿತ್ತು, ಯಾರೋ ಹೇಳಿದ ಕಷಾಯ ಕುಡಿದರು, ಸೀನು ನಿಂತಿತು, ಅಥವಾ ಕೊಯ್ಲು ಮುಗಿಯಿತು. ಎರಡರಲ್ಲಿ ಯಾವುದು ಎಂದು ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಉಳ್ಳಾಗಡ್ಡಿಯ ಸಿಪ್ಪೆ, ಅರಿಷಿಣ, ತುಳಸಿ, ಶುಂಠಿ, ಅಮೃತಬಳ್ಳಿ, ಜ್ಯೇಷ್ಠಮಧು ಸೇರಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದರು. ಆಟೋದಲ್ಲಿ ಸಾರಲು ಒಂದು ದನಿ ಬೇಕಿತ್ತು. ಮಿರ್ಚಿ ಮಂಡಕ್ಕಿ ಕೊಡಿಸಿ ನನ್ನನ್ನು ಕೂಡಿಸಿದರು.

ಅವರು ಹೇಳಿಕೊಟ್ಟ ಮಾತು ಹದವಾಗಿಯೇ ಇತ್ತು. ಈ ಗಿಡಗಳಲ್ಲಿರುವ ಕೆಲವು ಅಂಶಗಳು ಅಲರ್ಜಿಯನ್ನು ತಗ್ಗಿಸಲು ನೆರವಾಗಬಹುದು, ಅಷ್ಟೇ. ನನಗೆ ಅದು ಸಪ್ಪೆ ಎನಿಸಿತು. ಆಗಬಹುದು ಅಂದರೆ ಯಾರು ಆಟೋ ನಿಲ್ಲಿಸುತ್ತಾರೆ? ಮೂಗು ಹಿಡಿದೆ, ಡಾಕ್ಟರಾದೆ. "ಗುಳಿಗಿ ಪೆಟ್ಟಿಗ್ಯಾಗ ಇಡ್ರಿ, ಕಷಾಯ ಹೊಟ್ಟ್ಯಾಗ ಇಳಸ್ರಿ, ಏನಾಗಂಗಿಲ್ಲ ಬಿಡ್ರಿ." ಸಾವ್ಕಾರರು ನಕ್ಕು ನಕ್ಕು ಕುರ್ಚಿಯ ಕೈ ಹಿಡಿದುಕೊಂಡರು. ಗುಳಿಗೆಯ ಮಾತು ಅವರದಲ್ಲ, ನನ್ನದು. ಒಂದು ನಗುವಿನ ಆಸೆಗೆ ಹುಟ್ಟಿದ್ದು.

ಫೋನಿನಲ್ಲಿ ಆ ದನಿ ರೆಕಾರ್ಡ್ ಆಯಿತು, ಅದನ್ನು ಮೈಕಿಗೆ ಹಚ್ಚಿಕೊಂಡು ಆಟೋ ಓಡಿತು. ನಮ್ಮ ಕಡೆ ಆಟೋದ ಮೈಕಿಗೆ ಒಂದು ಮರ್ಯಾದೆ ಇದೆ. ನೀರು ಯಾವಾಗ ಬರುತ್ತದೆ, ಪೋಲಿಯೋ ಹನಿ ಎಲ್ಲಿ ಹಾಕುತ್ತಾರೆ, ಯಾವ ಡಾಕ್ಟರು ಯಾವ ವಾರ ಬರುತ್ತಾರೆ, ಎಲ್ಲ ಅದರಿಂದಲೇ ತಿಳಿಯುವುದು. ಆ ತುತ್ತೂರಿಯಿಂದ ಬಂದದ್ದು ಸರ್ಕಾರದ ಹುಕುಂ ಇದ್ದ ಹಾಗೆ. ಬಂಗಾಳದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿಗೆ ಹೋದಾಗ ಅಲ್ಲಿನ ಹಿರಿಯರೊಬ್ಬರು, ಡಾಕ್ಟರಿಗೆ ನೆಗಡಿ ಆಗಿದೆಯಲ್ಲ, ಕಷಾಯ ಅವರೇ ಯಾಕೆ ಕುಡಿಯಲಿಲ್ಲ ಎಂದು ಡ್ರೈವರನನ್ನು ಕೇಳಿದರಂತೆ. ಇಡೀ ದಾರಿಯಲ್ಲಿ ತಲೆ ಓಡಿಸಿದವರು ಅವರೊಬ್ಬರೇ. ಡ್ರೈವರ ನನಗೆ ಅದನ್ನು ಜೋಕಿನಂತೆ ಹೇಳಿದ, ನಾನೂ ಜೋಕಿನಂತೆ ನಕ್ಕೆ.

ಈಗ ಚಿಗವ್ವ. ನಮ್ಮವ್ವನ ತಂಗಿ, ಮಸ್ಕಿಯಲ್ಲಿ ನಮ್ಮ ಓಣಿಯಲ್ಲೇ ಮನೆ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು ಒಲೆಯ ಮುಂದೆ ಕುಳಿತರೆ ಜೋಳದ ರೊಟ್ಟಿ ಬಡಿಯುವ ಸದ್ದು ನಮ್ಮ ಮನೆಯ ತನಕ ಕೇಳುತ್ತಿತ್ತು. ಹಾಸ್ಟೆಲ್ಲಿಗೆ, ಖಾನಾವಳಿಗೆ, ಮದುವೆಗೆ, ಎಲ್ಲಕ್ಕೂ ಅವಳ ರೊಟ್ಟಿ. ತೆಳ್ಳಗೆ, ಅಂಚು ಒಡೆಯದೆ, ಹಂಚಿನ ಮೇಲೆ ಬಿದ್ದ ಕೂಡಲೇ ಉಬ್ಬುವಂಥದ್ದು. ನಾನು ಬದುಕಿನಲ್ಲಿ ಮಾಡಿದ ಮೊದಲ ಮಿಮಿಕ್ರಿ ಆ ಸದ್ದಿನದೇ, ತೊಡೆ ತಟ್ಟಿ.

ಆ ರೊಟ್ಟಿಯೇ ಅವಳಿಗೆ ಕಾಟ ಕೊಡತೊಡಗಿತ್ತು. ಸಾಣಿಗೆಯಲ್ಲಿ ಹಿಟ್ಟು ಸೋಸುವಾಗ, ಬಡಿಯುವ ಕಲ್ಲಿನ ಮೇಲೆ ಒಣಹಿಟ್ಟು ಉದುರಿಸುವಾಗ ಏಳುವ ಧೂಳಿಗೆ ಮೊದಲು ಸೀನು, ಆಮೇಲೆ ಕುತ್ತಿಗೆಯ ಮೇಲೆ ದದ್ದು, ಆಮೇಲೆ ಎದೆಯೊಳಗೆ ಸಿಳ್ಳೆ. ವಿಭೂತಿಯ ಪುಡಿಗೆ ಮಾತ್ರ ಸೀನು ಬರುವುದಿಲ್ಲ ಅನ್ನುತ್ತಾಳೆ. ಅದು ವೈದ್ಯದ ಮಾತೋ ಭಕ್ತಿಯ ಮಾತೋ ನಾನು ಕೇಳುವ ಧೈರ್ಯ ಮಾಡಿಲ್ಲ. ಲಿಂಗಸುಗೂರಿನ ಅದೇ ಡಾಕ್ಟರು ಗುಳಿಗೆ ಕೊಟ್ಟಿದ್ದರು, ದಿನಾ ಬಾಯಿಗೆ ಎಳೆದುಕೊಳ್ಳಲು ಒಂದು ಸ್ಪ್ರೇ ಕೊಟ್ಟಿದ್ದರು. ಬಿಡದೆ ತಗೊಂಡಾಗ ಚೆನ್ನಾಗಿಯೇ ಇರುತ್ತಿದ್ದಳು.

ಆದರೂ ಮನೆಯ ಗಂಡಸರಿಗೆ ಒಂದೇ ಹಟ: ರೊಟ್ಟಿ ಬಿಡು. ನಮ್ಮಪ್ಪ ಹೇಳಿದ, ಅವಳ ಗಂಡ ಚಿಗಪ್ಪ ಹೇಳಿದ, ಕಟ್ಟೆಯ ಮೇಲೆ ಬಂದು ಕುಳಿತವರೆಲ್ಲ ಹೇಳಿದರು, ಅವಳೇ ಬಡಿದ ರೊಟ್ಟಿ ಮುರಿಯುತ್ತ ಹೇಳಿದರು. ಚಿಗವ್ವನದು ಒಂದೇ ಉತ್ತರ, ಸೀನು ನನ್ನ ಮೂಗಿನದು, ತಕರಾರು ನಿಮ್ಮದ್ಯಾಕೆ. ಕೊನೆಗೊಂದು ಮಾತಾಯಿತು. ಇನ್ನೊಮ್ಮೆ ಉಸಿರು ಕಟ್ಟಿ ದವಾಖಾನಿಗೆ ಹೊತ್ತೊಯ್ಯುವ ಹಾಗಾದರೆ ಹಂಚು ಒಲೆಯಿಂದ ಇಳಿಯಬೇಕು, ಮತ್ತೆ ಏರಬಾರದು. ಔಷಧ ಕೈಹಿಡಿದಿತ್ತಲ್ಲ, ಚಿಗವ್ವ ಧೈರ್ಯವಾಗಿ ಒಪ್ಪಿಕೊಂಡಳು.

ಆ ಹೊತ್ತಿನಲ್ಲೇ ನನ್ನ ಆಟೋ ನಮ್ಮ ಓಣಿಗೆ ಬಂತು.

ತುತ್ತೂರಿ ಮೈಕಿನಲ್ಲಿ ಯಾರ ದನಿಯಾದರೂ ಅರ್ಧ ಮೂಗಿನದೇ ಆಗುತ್ತದೆ, ನನ್ನನ್ನು ಎತ್ತಿ ಆಡಿಸಿದ ಚಿಗವ್ವನಿಗೂ ಗುರುತು ಹತ್ತಲಿಲ್ಲ. ತನ್ನ ಡಾಕ್ಟರೇ ಹೇಳಿದ್ದಾರೆಂದು ಒಂದು ಡಬ್ಬಿ ಕೊಂಡು, ಗುಳಿಗೆ, ಸ್ಪ್ರೇ ಎರಡನ್ನೂ ಪೆಟ್ಟಿಗೆಯಲ್ಲಿ ಇಟ್ಟಳು. ಶಬ್ದಕ್ಕೆ ಶಬ್ದ ಪಾಲಿಸಿದ್ದಳು. ನಾನು ಆಗ ಮನೆಯಲ್ಲಿ ಇರಲಿಲ್ಲ, ಸಿಂಧನೂರಿನಲ್ಲಿ ಯಾರದೋ ಫೋನಿನ ಹೊಟ್ಟೆ ಸೀಳುತ್ತ ಕುಳಿತಿದ್ದೆ. ಸಂಜೆ ಬಂದಾಗ ಡಬ್ಬಿ ನೋಡಿದೆ. ಕುಡಿದರೆ ಒಳ್ಳೆಯದೇ ಅಂದುಕೊಂಡೆ. ಗುಳಿಗೆ ಬಿಟ್ಟಿದ್ದಾಳೆಂದು ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ.

ಮೋಸ ಏನೆಂದರೆ, ಮೊದಮೊದಲು ಅವಳಿಗೆ ಬಹಳ ಆರಾಮಾಯಿತು. ಸೀನು ಕಡಿಮೆ, ದದ್ದು ಕಡಿಮೆ. ಓಣಿಯ ಹೆಂಗಸರೆಲ್ಲ ಬಂದು ಡಬ್ಬಿಯ ವಾಸನೆ ನೋಡಿ ಹೋದರು. ಆಗ ಹಾಸ್ಟೆಲ್ಲಿಗೆ ರಜೆ ಇತ್ತು, ಮಕ್ಕಳು ಊರಿಗೆ ಹೋಗಿದ್ದರು, ಚಿಗವ್ವ ಮನೆ ಮಂದಿಗಷ್ಟೇ ನಾಲ್ಕು ರೊಟ್ಟಿ ಬಡಿಯುತ್ತಿದ್ದಳು ಎಂಬುದನ್ನು ಯಾರೂ ನೆನೆಯಲಿಲ್ಲ. ಧೂಳು ಎದ್ದಿರಲೇ ಇಲ್ಲ. ಹೆಸರು ಬಂದದ್ದು ಕಷಾಯಕ್ಕೆ.

ಹಾಸ್ಟೆಲ್ ತೆರೆಯಿತು, ಗಿರಣಿಯಿಂದ ಹಿಟ್ಟಿನ ಚೀಲಗಳು ಬಂದವು. ಒಂದು ಮಧ್ಯಾಹ್ನ, ನನ್ನ ಅಂಗಡಿಗೆ ರಜೆ ಇದ್ದ ದಿನ, ರೊಟ್ಟಿಯ ಸದ್ದು ನಡುವೆಯೇ ನಿಂತಿತು. ಓಡಿ ಹೋದೆ. ಚಿಗವ್ವ ಎರಡೂ ಕೈ ನೆಲಕ್ಕೆ ಊರಿ, ಬಾಯಿ ತೆರೆದು ಕುಳಿತಿದ್ದಳು, ತುಟಿಯ ಬಣ್ಣ ಬದಲಾಗಿತ್ತು, ಹಿಟ್ಟು ಮೆತ್ತಿದ ಬೆರಳಿನಿಂದ ಪೆಟ್ಟಿಗೆಯ ಕಡೆ ತೋರಿಸಿದಳು. ಸ್ಪ್ರೇ ತೆಗೆದು ಕೊಟ್ಟೆ, ಎಳೆಯಲು ಉಸಿರೇ ಇರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಮಸ್ಕಿಯ ದವಾಖಾನಿಗೆ ಒಯ್ದೆವು. ಅಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ಔಷಧದ ಹಬೆ ಕೊಟ್ಟು ಉಸಿರು ಸಡಿಲ ಮಾಡಿದರು. ನಿಮ್ಮ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದು ಮರುದಿನ ಲಿಂಗಸುಗೂರಿಗೆ ಕಳಿಸಿದರು.

ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ಯಾಕೆ ಹೀಗಾಯಿತು ಎಂದು ಕೇಳಿದರು. ಗುಳಿಗೆ ಬಿಟ್ಟೆ ಅಂದಳು ಚಿಗವ್ವ.

"ಬಿಡು ಅಂತ ಹೇಳಿದವರ್ಯಾರವ್ವಾ ನಿನಗ?"

"ನೀವ ಹೇಳೀರಲ್ರೀ ಸಾಹೇಬ್ರ. ಆಟೋದಾಗ."

ಡಾಕ್ಟರು ಕನ್ನಡಕ ತೆಗೆದರು. ಚಿಗವ್ವ ಅವರಿಗೆ ನೆನಪಾಗಲಿ ಎಂದು ಮೂಗು ಹಿಡಿದು, ನಾನು ಹೇಳಿದ್ದ ಮಾತನ್ನು ನಾನು ಹೇಳಿದ ರಾಗದಲ್ಲೇ ಹೇಳಿ ತೋರಿಸಿದಳು. ನನಗಿಂತ ಚೆನ್ನಾಗಿ ಮಾಡಿದಳು. ಕಂಪೌಂಡರ ನಗು ತಡೆಯಲು ಔಷಧದ ಕಪಾಟಿನ ಕಡೆ ತಿರುಗಿದ. ಡಾಕ್ಟರು ಇವರ ಮಗನಾ ನೀನು, ಈ ಆಟೋದ ಸುದ್ದಿ ನಿನಗೇನಾದರೂ ಗೊತ್ತೇನಪ್ಪಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಹೆದರಿದಾಗ ನನ್ನ ಗಂಟಲು ಯಾರ ಎದುರಿಗೆ ನಿಂತಿರುತ್ತದೋ ಅವರ ದನಿಗೆ ಹೊರಳುತ್ತದೆ. ಹಾಳಾದ ರೂಢಿ. ನನ್ನ "ಇಲ್ರಿ" ಅವರದೇ ಮೂಗಿನಿಂದ ಬಂತು.

ಚಿಗವ್ವ ನನ್ನನ್ನೇ ನೋಡುತ್ತಿದ್ದಳು.

"ನನ್ನ ಮೂಗು ಕಟ್ಟಿದ್ದು ಅಲರ್ಜಿಯಿಂದ ತಮ್ಮಾ," ಅಂದರು ಡಾಕ್ಟರು, "ನಿನ್ನ ತಲಿ ಕಟ್ಟಿದ್ದು ಯಾತರಿಂದ?"

ಅವರು ಅಷ್ಟಕ್ಕೇ ಬಿಟ್ಟರು. ನಾನು ಬಯ್ಗುಳಕ್ಕೆ ತಯಾರಾಗಿ ನಿಂತಿದ್ದೆ, ಅವರು ಪಾಠ ಶುರು ಮಾಡಿದರು, ಅದು ಇನ್ನೂ ಕಷ್ಟ.

ಮೈಯೊಳಗೆ ಕಾವಲು ಕಾಯುವ ಕೆಲವು ಕೋಶಗಳಿರುತ್ತವಂತೆ. ಅಲರ್ಜಿ ಇದ್ದವರಲ್ಲಿ ಅವು ಜೋಳದ ಹಿಟ್ಟಿನಂಥ ಪಾಪದ ಸಾಮಾನನ್ನೂ ಕಳ್ಳ ಎಂದುಕೊಂಡು ಹಿಸ್ಟಮಿನ್ ಅನ್ನುವ ರಸ ಚೆಲ್ಲುತ್ತವಂತೆ. ತುರಿಕೆ, ಸೀನು, ಊತ, ಎಲ್ಲ ಅದರ ಗದ್ದಲ. ನಮ್ಮ ಓಣಿಯ ನಾಯಿ ಇದ್ದ ಹಾಗೆ, ಬೀಗರು ಬಂದರೂ ಬೊಗಳುತ್ತದೆ, ಅಂದಳು ಚಿಗವ್ವ. ಡಾಕ್ಟರಿಗೆ ಅದು ಹಿಡಿಸಿತು, ಆಮೇಲೆ ಇಡೀ ಪಾಠ ನಾಯಿಯ ಮೇಲೆಯೇ ನಡೆಯಿತು. ಉಳ್ಳಾಗಡ್ಡಿಯಲ್ಲಿ ಕ್ವರ್ಸೆಟಿನ್ ಅಂತ ಒಂದಿದೆ, ಅರಿಷಿಣದಲ್ಲಿ ಕರ್ಕ್ಯುಮಿನ್ ಇದೆ, ಹಸಿರು ಚಹಾದಲ್ಲಿ ಇನ್ನೊಂದಿದೆ. ಲ್ಯಾಬಿನಲ್ಲಿ ಆ ಕೋಶಗಳ ಮೇಲೆ ಇವನ್ನು ಹಾಕಿ ನೋಡಿದರೆ ಬೊಗಳುವುದು ತಗ್ಗುವುದು ಖರೆ. ಗಿಡದಿಂದಲೇ ದಾರಿ ಸಿಕ್ಕು ಅಲರ್ಜಿಗೆ ಔಷಧ ಆದದ್ದೂ ಉಂಟು. ಹಾಗಾಗಿ ಗಿಡವನ್ನು ನೋಡಿ ನಗುವವನು ದಡ್ಡ. ಆದರೆ ಗಾಜಿನ ತಟ್ಟೆಯಲ್ಲಿ ಸುಮ್ಮನಾದ ನಾಯಿ ನಿನ್ನ ಎದೆಯಲ್ಲೂ ಸುಮ್ಮನಾಗುತ್ತದೆ ಎಂದು ನಾನು ಬರೆದುಕೊಡಲಾರೆ, ಅಂದರು. ಕುಡಿದದ್ದರಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಒಂದು ಡಬ್ಬಿಯಂತೆ ಇನ್ನೊಂದು ಡಬ್ಬಿ ಇರುವುದಿಲ್ಲ, ಜ್ಯೇಷ್ಠಮಧು ಹೆಚ್ಚಾದರೆ ಬಿಪಿ ಏರುತ್ತದೆ. ಉಸಿರು ಕಟ್ಟಿದಾಗಂತೂ ಸ್ಪ್ರೇಯೇ ಬೇಕು.

ಇಷ್ಟೆಲ್ಲ ಹೇಳಿ ಮೇಜಿನ ಮೇಲಿನ ಲೋಟ ಎತ್ತಿ ಒಂದು ಗುಟುಕು ಕುಡಿದರು. ಚಿಗವ್ವನ ಮೂಗು ಆ ಸ್ಥಿತಿಯಲ್ಲೂ ಚುರುಕಾಗಿತ್ತು. ತುಳಸಿ, ಶುಂಠಿ ಅಲ್ಲೇನ್ರಿ ಅದು ಅಂದಳು. ಡಾಕ್ಟರು ಒಪ್ಪಿಕೊಂಡರು. ಗಂಟಲಿಗೆ ಹಿತ, ಹೆಂಡತಿ ಕೊಟ್ಟು ಕಳಿಸುತ್ತಾಳೆ, ಜೊತೆಗೆ ಗುಳಿಗೆಯನ್ನೂ ನುಂಗುತ್ತೇನೆ ಅಂದರು. ಹಾಗಿದ್ದರೆ ನನಗೂ ಎರಡೂ ಇರಲಿ ಅಂದಳು ಇವಳು. ಇರಲಿ ಅಂದರು ಅವರು. ಆಮೇಲೆ ಮೆಲ್ಲಗೆ, ಈ ರೊಟ್ಟಿ ಕೆಲಸ ಬಿಟ್ಟರೆ ಒಳ್ಳೆಯದಿತ್ತು ಎಂದು ಸೇರಿಸಿದರು.

"ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ," ಅಂದಳು ಚಿಗವ್ವ.

ಅವರು ಹೇಳಿದರು. ಹಿಟ್ಟನ್ನು ಬೇರೆಯವರು ಅಂಗಳದಲ್ಲಿ ಸೋಸಲಿ. ಒಣಹಿಟ್ಟು ಮೇಲಿಂದ ಉದುರಿಸದೆ ಕೈಯಿಂದ ಸವರಬೇಕು. ಬಾಯಿ ಮೂಗಿಗೆ ಒಳ್ಳೆಯ ಮಾಸ್ಕ್ ಇರಬೇಕು, ಒಲೆಯ ಮನೆಗೆ ಕಿಟಕಿ ಬೇಕು, ಸ್ಪ್ರೇ ಒಂದು ದಿನವೂ ತಪ್ಪಬಾರದು. ಇಷ್ಟಾದ ಮೇಲೂ ಉಸಿರು ಹಿಡಿದರೆ ಆಗ ನಾನು ಹೇಳಿದ್ದನ್ನು ಕೇಳಬೇಕು ಅಂದರು. ಅವಳು ತಲೆ ಆಡಿಸಿದಳು. ಬೇರೆಯವರು ಯಾರು ಎಂದು ಡಾಕ್ಟರು ಕೇಳುವ ಮೊದಲೇ ಇಬ್ಬರ ಕಣ್ಣೂ ನನ್ನ ಮೇಲೆ ಬಿದ್ದವು.

ಹೀಗೆ ನಾನು ಹಿಟ್ಟು ಸೋಸುವವನಾದೆ. ಬೆಳಗಿನ ಬಸ್ಸಿಗೆ ಮೊದಲು ಅಂಗಳದಲ್ಲಿ ಸಾಣಿಗೆ ಹಿಡಿದು ಕೂರುತ್ತೇನೆ. ಹುಬ್ಬಿನಿಂದ ಮೀಸೆಯ ತನಕ ಬಿಳಿಯಾಗಿ, ನಮ್ಮ ಅಜ್ಜನ ಮಿಮಿಕ್ರಿಯನ್ನು ಬಾಯಿ ತೆರೆಯದೆ ಮಾಡಬಲ್ಲೆ. ಗಂಡು ಹುಡುಗ ಹಿಟ್ಟು ಸೋಸುತ್ತಾನೆಂದು ಓಣಿ ನಕ್ಕಿತು. ನಗಲಿ. ನಾನು ಅವರನ್ನೆಲ್ಲ ನೋಡಿ ಇಷ್ಟು ವರ್ಷ ನಕ್ಕಿದ್ದೇನೆ.

ಮನೆಯ ಗಂಡಸರಿಗೆ ಮಾತ್ರ ನಗು ಬರಲಿಲ್ಲ. ಮಾತು ಮಾತೇ, ಹಂಚು ಇಳಿಯಲಿ ಅಂದರು ಅಪ್ಪ, ಚಿಗಪ್ಪ. ತಪ್ಪು ಹಿಟ್ಟಿನದಲ್ಲ, ನನ್ನ ಬಾಯಿಯದು, ಔಷಧ ಬಿಡಿಸಿದ್ದು ನಾನು ಎಂದು ಎದುರು ನಿಂತು ಹೇಳಿದೆ. ಅಪ್ಪನ ಎದುರು ನನ್ನ ಸ್ವಂತ ದನಿಯಲ್ಲಿ ಮಾತಾಡಿದ್ದು ಬಹುಶಃ ಅದೇ ಮೊದಲು. ನಿನ್ನ ಬಾಯಿಯದು ಬೇರೆ ಲೆಕ್ಕ, ಅದನ್ನು ಆಮೇಲೆ ನೋಡೋಣ ಎಂದ ಅಪ್ಪ. ಚಿಗವ್ವ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಳು.

"ಹಂಚು ನಂದು. ಇಳಸೋ ಕೈ ಯಾವುದು, ಮುಂದ ಬರ್ಲಿ."

ಯಾವ ಕೈಯೂ ಬರಲಿಲ್ಲ, ಆದರೆ ಯಾರೂ ಸೋಲೊಪ್ಪಲೂ ಇಲ್ಲ. ಮಾತು ಕಟ್ಟೆಯ ಮೇಲೆ ದಿನಾ ಕುದಿಯುತ್ತಿತ್ತು.

ನನಗೆ ಉಳಿದದ್ದು ಆಟೋ. ಸಾವ್ಕಾರರ ಅಂಗಡಿಗೆ ಹೋಗಿ, ಆ ದನಿ ತೆಗೆದುಬಿಡಿ, ಬೇಕಾದರೆ ನಿಮ್ಮ ಮೊದಲಿನ ಮಾತನ್ನೇ ನನ್ನ ದನಿಯಲ್ಲಿ ಪುಕ್ಕಟೆ ಹೇಳಿಕೊಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ನಿನ್ನ ದನಿ ಯಾರಿಗೆ ಬೇಕು, ಡಾಕ್ಟರದು ಓಡುತ್ತಿದೆ ಅಂದರು. ಚಿಗವ್ವನ ಸುದ್ದಿ ಹೇಳಿದೆ. ಅದು ಹಿಟ್ಟಿನ ತಪ್ಪು, ಕಷಾಯದ್ದಲ್ಲ, ನಾನೇ ಬಂದು ಆ ತಾಯಿಗೆ ತಿಳಿಸಿ ಹೇಳುತ್ತೇನೆ ಅಂದರು. ಹೇಳಿದಂತೆ ಒಂದು ಮುಂಜಾನೆ ದೊಡ್ಡ ಡಬ್ಬಿಯೊಂದನ್ನು ಉಡುಗೊರೆಯಾಗಿ ಹಿಡಿದು ಬಂದೂಬಿಟ್ಟರು, ಅದೇ ಆಟೋದಲ್ಲಿ. ತುತ್ತೂರಿಯಲ್ಲಿ ನಾನು ಮೂಗು ಹಿಡಿದು ಕೂಗುತ್ತಿದ್ದೆ, ಕೆಳಗೆ ಅಂಗಳದಲ್ಲಿ ನಾನೇ ಹಿಟ್ಟು ಸೋಸುತ್ತಿದ್ದೆ. ನನ್ನನ್ನು ನಾನೇ ಅಷ್ಟು ದ್ವೇಷಿಸಿದ ಬೆಳಗು ಇನ್ನೊಂದಿಲ್ಲ.

ಕಟ್ಟೆಯ ಮೇಲೆ ಅಪ್ಪ, ಚಿಗಪ್ಪ ಇಬ್ಬರೂ ಇದ್ದರು. ಸಾವ್ಕಾರರಿಗೆ ಚಹಾ ಬಂತು. ಅವರು ಎಲ್ಲರಿಗೂ ಹಿಡಿಸುವ ಹಾಗೆ ಮಾತಾಡಿದರು. ರೊಟ್ಟಿ ಕೆಲಸ ಬಿಡುವುದೇ ಸರಿ ಅಂದಾಗ ಗಂಡಸರು ಗೋಣು ಹಾಕಿದರು. ಆ ಸ್ಪ್ರೇ ಬರೀ ಕೆಮಿಕಲ್ಲು, ಅದನ್ನೂ ಬಿಡಿಸಿ ಅಂದಾಗಲೂ ಗೋಣು ಹಾಕಿದರು. ನಾನು ಸಾಣಿಗೆ ಕೆಳಗಿಟ್ಟು, ಡಾಕ್ಟರು ಹೇಳಿದ್ದನ್ನು ಡಾಕ್ಟರ ದನಿ ಮಾಡದೆ ಹೇಳಲು ನೋಡಿದೆ. ಕೋಶ ಅಂದೆ, ಗಾಜಿನ ತಟ್ಟೆ ಅಂದೆ, ನಾಯಿ ಅಂದೆ. ಹಿಟ್ಟು ಮೆತ್ತಿದ ಮುಖದವನ ಮಾತು ಯಾರು ಕೇಳುತ್ತಾರೆ? ಸಾವ್ಕಾರರು ನಕ್ಕು, ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಿದ್ದ ಚಿಗವ್ವನ ಕಡೆ ಡಬ್ಬಿ ಚಾಚಿದರು. ಹುಡುಗನ ಮಾತು ಬಿಡವ್ವಾ, ಗಿಡದಾಗ ಬೆಳದದ್ದು ಯಾರಿಗರ ಕೆಡಕು ಮಾಡತೈತೇನು ಎಂದು ಕೇಳಿದರು.

ಚಿಗವ್ವ ಡಬ್ಬಿ ಮುಟ್ಟಲಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿ ಅವಳು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ. ಅದಾದ ಮೇಲೆ ಹಂಚಿನ ಮಾತು ನಮ್ಮ ಕಟ್ಟೆಯ ಮೇಲೆ ಮತ್ತೆ ಏಳಲಿಲ್ಲ, ಆ ದನಿ ಯಾವ ಊರಿನ ಆಟೋದಲ್ಲೂ ಮತ್ತೆ ಕೇಳಲಿಲ್ಲ.

"ನನ್ನ ಉಸುರು ಹಿಡದದ್ದೂ ಗಿಡದಾಗ ಬೆಳದದ್ದ ಐತ್ರೀ ಸಾವ್ಕಾರ್ರ, ಜ್ವಾಳ ಏನ್ ಕಲ್ಲಾಗ ಬೆಳಿತೈತೇನು? ಅದನ್ನ ಬಡಿಯೋದನ್ನೂ ನಾ ಬಿಡಂಗಿಲ್ಲ, ನಮ್ಮನಿ ತುಳಸಿ ನೀರೂ ಬಿಡಂಗಿಲ್ಲ, ಡಾಕ್ಟರು ಕೊಟ್ಟ ಸ್ಪ್ರೇನೂ ಬಿಡಂಗಿಲ್ಲ. ನಿಮ್ಮ ಆಟೋ ಅಷ್ಟ ನಮ್ಮ ಓಣಿ ಬಿಡ್ಲಿ."